ಬೇಲಿಯೊಳಗಿನ ಮೌನ

ಇಂಗ್ಲೆಂಡಿನ ಹಳ್ಳಿಯೆಂದೊಡನೆ ಹಸಿರು ಬೇಲಿ, ಮೇಯುವ ಕುರಿ, ಇಗರ್ಜಿಯ ಗೋಪುರ, ಎಲ್ಲದರ ಮೇಲೂ ಹಬ್ಬಿದ ಮೌನ ಕಣ್ಣಿಗೆ ಕಟ್ಟುತ್ತವೆ. ಆ ಮೌನ ನಿಸರ್ಗದತ್ತವೆನ್ನುವವರುಂಟು. ನಾನು ಒಪ್ಪಲಾರೆ, ಅದಕ್ಕೊಂದು ಚರಿತ್ರೆಯಿದೆ.

ಕೂಲಿಕಾರನ ಮಗನಾದ ಕವಿ ಜಾನ್ ಕ್ಲೇರ್ 1793ರಲ್ಲಿ ಹುಟ್ಟಿದ ಹೆಲ್ಪ್‌ಸ್ಟನ್ ಗ್ರಾಮವನ್ನೇ ನೋಡಿ. ಅಲ್ಲಿ ಬೇಲಿಯಿಲ್ಲದ ಹೊಲಗಳಿದ್ದವು. ಬಡವರ ದನಕ್ಕೂ ಗೋಮಾಳವಿತ್ತು. 1809ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿತು. ಬಯಲು ಪಾಲಾಯಿತು, ಬೇಲಿ ಎದ್ದಿತು, ಕಾಲುದಾರಿಗಳು ಮುಚ್ಚಿದವು. ಆ ಸಂಕಟವನ್ನು ಕ್ಲೇರ್ ಪದ್ಯಗಳಲ್ಲಿ ತೋಡಿಕೊಂಡನು. 1604ರಿಂದ 1914ರ ತನಕ ಇಂಥ 5200ಕ್ಕೂ ಹೆಚ್ಚು ಶಾಸನಗಳಾದವು. ಇಂಗ್ಲೆಂಡಿನ ನೆಲದ ಐದರಲ್ಲೊಂದು ಪಾಲು ಅವುಗಳಿಗೆ ಒಳಪಟ್ಟಿತು.

ಇಂದಿನ ಆ ಮೌನ ಚೆಲುವೇ ಸರಿ. ಅದನ್ನು ಮೆಚ್ಚುವಾಗ ಬೇಲಿಯ ಹೊರಗುಳಿದವರನ್ನೂ ನೆನೆಯುವುದು ನ್ಯಾಯ.