ಶಿಲುಬೆಯ ಮುಂದಿನ ಬಟ್ಟಲು: ದುಡ್ಡು ಕೊಟ್ಟಿದ್ದು ಯಾರು?

ಇವತ್ತಿನ ವಿಷಯ ಸ್ವಲ್ಪ ಭಾರ. ಊಟ ಮಾಡ್ತಾ ಕೇಳ್ತಿದ್ರೆ ನಿಲ್ಲಿಸಿ, ಆಮೇಲೆ ಬನ್ನಿ.

ಶಿಲುಬೆ ಅಂದ ತಕ್ಷಣ ನಮಗೆ ನೆನಪಾಗೋದು ಯೇಸು ಒಬ್ಬರೇ. ಆದ್ರೆ ರೋಮನ್ನರಿಗೆ ಅದು ಮಾಮೂಲಿ ಶಿಕ್ಷೆ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಮುರಿದ ಮೇಲೆ ಕಪುವಾದಿಂದ ರೋಮ್‌ವರೆಗಿನ ದಾರಿಯುದ್ದಕ್ಕೂ 6,000 ಜನರನ್ನ ಶಿಲುಬೆಗೆ ಹಾಕಿದ್ರು ಅಂತ ಇತಿಹಾಸಕಾರ ಅಪ್ಪಿಯನ್ ಬರೀತಾನೆ. ಸಾವು ನಿಧಾನ ಆಗ್ಬೇಕು, ದಾರಿಹೋಕರು ನೋಡಿ ಹೆದರ್ಬೇಕು, ಲೆಕ್ಕಾಚಾರ ಅಷ್ಟೇ. ಹಾಗಿದ್ಮೇಲೆ ನೋವು ಮರೆಸೋ ಮದ್ದು ಅಲ್ಲಿಗೆ ಹೇಗೆ ಬಂತು?

ಮಾರ್ಕನ ಸುವಾರ್ತೆ ಪ್ರಕಾರ ಯೇಸುವಿಗೆ ಮೊದಲು ಕೊಟ್ಟಿದ್ದು ರಕ್ತಬೋಳ ಬೆರೆಸಿದ ದ್ರಾಕ್ಷಾರಸ. ಅವರು ತಗೊಳ್ಳಲಿಲ್ಲ. ಮತ್ತಾಯನಲ್ಲಿ ಬೋಳದ ಜಾಗಕ್ಕೆ ಪಿತ್ತ ಬಂದಿದೆ. ರುಚಿ ನೋಡಿ ಬೇಡ ಅಂದ್ರು ಅಂತ ಇದೆ. 'ವಿಷ ಕೊಟ್ರು' ಅನ್ನೋ ವಾದ ಹುಟ್ಟೋದು ಈ ಪಿತ್ತದಿಂದಲೇ. ಆದ್ರೆ ಹಳೇ ಒಡಂಬಡಿಕೆಯ 69ನೇ ಕೀರ್ತನೆಯ ಗ್ರೀಕ್ ಅನುವಾದದಲ್ಲೂ ಇದೇ ಪದ ಇದೆ. ಅದಕ್ಕೆ ಹೊಂದಿಸೋಕೆ ಮತ್ತಾಯ ಪದ ಬದಲಾಯಿಸಿದ ಅಂತ ಎಷ್ಟೋ ವಿದ್ವಾಂಸರು ಹೇಳ್ತಾರೆ. ನನಗೂ ಅದೇ ಸರಿ ಅನ್ಸುತ್ತೆ. ಕೊನೆಗೆ ಸ್ಪಂಜಿನಲ್ಲಿ ಕೊಟ್ಟ ಹುಳಿರಸ ಬೇರೆ. ಅದು ಬಹುಶಃ ಸೈನಿಕರು ದಿನಾ ಕುಡೀತಿದ್ದ ಪೋಸ್ಕಾ: ಹುಳಿ ದ್ರಾಕ್ಷಾರಸ, ನೀರು.

ಈಗ ನನಗೆ ಇಷ್ಟವಾದ ಭಾಗ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಖರ್ಚು ಯಾರ ತಲೆ ಮೇಲೆ ಅಂತ ಮೊದಲು ನೋಡೋದು ಅಭ್ಯಾಸ. ಯಹೂದಿಗಳ ತಾಲ್ಮುದ್‌ನಲ್ಲಿ ಇದಕ್ಕೆ ಉತ್ತರ ಇದೆ! ಮರಣದಂಡನೆಗೆ ಹೊರಟವನಿಗೆ ಬುದ್ಧಿ ಮಂಕಾಗಲಿ ಅಂತ ದ್ರಾಕ್ಷಾರಸದಲ್ಲಿ ಧೂಪದ ಚೂರು ಹಾಕಿ ಕೊಡ್ತಿದ್ರಂತೆ. ಖರ್ಚು ಯೆರೂಸಲೇಮಿನ ದೊಡ್ಡ ಮನೆತನದ ಹೆಂಗಸರದ್ದು. ಅವರು ಕೊಡದಿದ್ರೆ? ಊರ ಸಾರ್ವಜನಿಕ ಹಣದಿಂದ. ಇದು ಯಹೂದಿ ನ್ಯಾಯಾಲಯದ ಶಿಕ್ಷೆ ಬಗ್ಗೆ ಇರೋ ಮಾತು, ರೋಮನ್ ಶಿಲುಬೆ ಬಗ್ಗೆ ಅಲ್ಲ, ಅದನ್ನ ಮರೀಬಾರ್ದು. ಆದ್ರೂ ಗೊಲ್ಗೊಥಾದ ಬಟ್ಟಲಿನ ಹಿಂದೆ ಇಂಥದ್ದೇ ಕೈಗಳಿದ್ವಾ ಅಂತ ಬಹಳ ಜನ ಊಹಿಸಿದ್ದಾರೆ. ಕಾವಲಿದ್ದೋರು ರೋಮನ್ ಸೈನಿಕರು. ಆ ಕರುಣೆಗೂ ಅವರ ಒಪ್ಪಿಗೆ ಬೇಕಿತ್ತು.

ಬೋಳ ನಿಜವಾಗ್ಲೂ ಕೆಲಸ ಮಾಡುತ್ತಾ? ಅದು ನಮ್ಮ ಗುಗ್ಗುಳದ ಹತ್ತಿರದ ಸಂಬಂಧಿ ಗಿಡದ ಅಂಟು. 1996ರಲ್ಲಿ ಇಟಲಿಯ ಸಂಶೋಧಕರು ಬೋಳದ ಅಂಶ ಇಲಿಗಳಲ್ಲಿ ನೋವು ತಗ್ಗಿಸುತ್ತೆ ಅಂತ 'ನೇಚರ್' ಪತ್ರಿಕೆಯಲ್ಲಿ ಬರೆದ್ರು. ಆದ್ರೆ ಇಲಿಗೆ ಕೊಟ್ಟ ಶುದ್ಧ ಅಂಶ ಬೇರೆ, ಬಟ್ಟಲಲ್ಲಿ ಕದಡಿದ ಅಂಟು ಬೇರೆ. ಇನ್ನೊಂದು ತೊಡಕು: ಹಿಂದಿನವರು ಒಳ್ಳೇ ದ್ರಾಕ್ಷಾರಸಕ್ಕೆ ಘಮಕ್ಕಂತಲೇ ಬೋಳ ಹಾಕ್ತಿದ್ರು ಅಂತ ಪ್ಲಿನಿ ಹೇಳ್ತಾನೆ. ಮತ್ತು ಬರಿಸಿದ್ದು ಮದ್ಯವೇ ಇರಬಹುದು.

ನಿಜವಾದ ಮಂಪರು ಮದ್ದು ಬೇಕಿದ್ರೆ ಮ್ಯಾಂಡ್ರೇಕ್ ಬೇರು ಇತ್ತು. 1ನೇ ಶತಮಾನದ ವೈದ್ಯ ಡಯೋಸ್ಕೋರಿಡೀಸ್, ಕೊಯ್ಯೋ ಮೊದಲು, ಸುಡೋ ಮೊದಲು ಅದನ್ನ ದ್ರಾಕ್ಷಾರಸದಲ್ಲಿ ಕೊಡಿ ಅಂತಾನೆ. ಜಾಸ್ತಿ ಆದ್ರೆ ಪ್ರಾಣ ಹೋಗುತ್ತೆ ಅಂತಲೂ ಎಚ್ಚರಿಸ್ತಾನೆ. ಶಿಲುಬೆಯ ಮಾತು ಅಲ್ಲಿಲ್ಲ. ಆದ್ರೂ ರೀಲ್ಸ್‌ಗಳಲ್ಲಿ ಯೇಸುವಿಗೆ ಮ್ಯಾಂಡ್ರೇಕ್ ಕೊಟ್ಟು, ಸತ್ತಂತೆ ಮಲಗಿಸಿ, ಆಮೇಲೆ ಎಬ್ಬಿಸಿದ್ರು ಅಂತ ಧೈರ್ಯವಾಗಿ ಹೇಳ್ತಾರೆ.

ಶಿಲುಬೆಯಿಂದ ಇಳಿಸಿದ್ರೆ ಬದುಕೋದು ಎಷ್ಟು ಕಷ್ಟ ಅನ್ನೋದಕ್ಕೆ ಜೋಸೆಫಸ್ ಸಾಕ್ಷಿ ಬಿಟ್ಟು ಹೋಗಿದ್ದಾನೆ. 70ರಲ್ಲಿ ಯೆರೂಸಲೇಮ್ ಬಿದ್ದ ಮೇಲೆ ತೆಕೋವದಿಂದ ವಾಪಸ್ ಬರ್ತಿದ್ದಾಗ ಶಿಲುಬೆಗಳ ಮೇಲೆ ತನಗೆ ಗೊತ್ತಿದ್ದ ಮೂವರನ್ನ ಕಂಡ. ಅಳ್ತಾ ಹೋಗಿ ಸೇನಾಪತಿ ಟೈಟಸ್‌ನ ಮುಂದೆ ಹೇಳಿದ. ಟೈಟಸ್ ಕೂಡಲೇ ಇಳಿಸಿ, ಚೆನ್ನಾಗಿ ಆರೈಕೆ ಮಾಡಿ ಅಂದ. ವೈದ್ಯರ ಕೈಯಲ್ಲಿರುವಾಗಲೇ ಇಬ್ಬರು ತೀರಿಕೊಂಡ್ರು. ಮೂರನೆಯವನು ಬದುಕಿದ. ಅವನ ಹೆಸರನ್ನ ಜೋಸೆಫಸ್ ಬರೆದಿಲ್ಲ.