ಕಾಣದ ತೂಕ

ರಾಮನಗರದ ಹೊರಗೆ ಒಂದು ಬಂಡೆಯ ಮೇಲೆ ಅಮಾವಾಸ್ಯೆಯ ಇರುಳು ಕುಳಿತಿದ್ದೆ. ಚನ್ನಪಟ್ಟಣದ ಕಡೆ ದೀಪಗಳ ಸಾಲು. ದೀಪ ಎಣಿಸಿ ಊರಿನ ಗಾತ್ರ ಊಹಿಸುವುದು ನಮ್ಮ ರೂಢಿ; ಆಕಾಶದಲ್ಲಿ ಅದು ಸೋತಿತು.

1938ರಲ್ಲಿ ಹಾರ್ಲೋ ಶಾಪ್ಲಿಯವರು ನಮ್ಮ ಆಕಾಶಗಂಗೆಯ ಸುತ್ತಣ ಎರಡು ಮಸುಕಾದ ಕಿರುಗೆಲಾಕ್ಸಿಗಳನ್ನು ಲೋಕಕ್ಕೆ ತಿಳಿಸಿದರು. 1983ರಲ್ಲಿ ಮಾರ್ಕ್ ಆರನ್‌ಸನ್ನರು ಅಂಥದೇ ಇನ್ನೊಂದರಲ್ಲಿ, ಡ್ರಾಕೋದಲ್ಲಿ, ಮೂರೇ ನಕ್ಷತ್ರಗಳ ವೇಗವನ್ನಳೆದರು. ಕಾಣುವಷ್ಟೇ ತೂಕವಿದ್ದರೆ ಆ ವೇಗಕ್ಕೆ ಅವು ಎಂದೋ ಚದರಿಹೋಗಬೇಕಿತ್ತು. ಮೂರರ ಸಾಕ್ಷ್ಯ ಸಾಲದೆಂಬ ಶಂಕೆ ಸಹಜವೇ. ಮುಂದೆ ನೂರಾರು ನಕ್ಷತ್ರಗಳು ಅದೇ ಸಾಕ್ಷಿ ನುಡಿದವು. ಬೆಳಕು ಬೀರದ ದ್ರವ್ಯವೊಂದು ಅವನ್ನು ಹಿಡಿದಿಟ್ಟಿದೆ.

ದೊಡ್ಡ ಗೆಲಾಕ್ಸಿಗಳಲ್ಲಿ ಅನಿಲ, ನಕ್ಷತ್ರಗಳ ಗದ್ದಲ; ಕಿರಿದರಲ್ಲಿ ಆ ಕತ್ತಲೆಯೇ ಯಜಮಾನ. ಅದರ ಗುಣವನ್ನರಿಯಲು ಇಂದಿಗೂ ವಿದ್ವಾಂಸರು ಕಿರಿಯವರ ಮನೆಗೇ ಹೋಗುತ್ತಾರೆ.

ಕನಕಪುರದ ದಿಕ್ಕಿನಲ್ಲಿ ಒಂದೂ ದೀಪವಿರಲಿಲ್ಲ. ಅಲ್ಲಿ ಏನೂ ಇಲ್ಲವೆನ್ನಲು ನನಗೆ ನಾಲಗೆ ಏಳಲಿಲ್ಲ.