ಸಮಾಂತರ ಮತ್ತು ಗುಣೋತ್ತರ ಶ್ರೇಢಿಗಳು

ಸಮಾಂತರ ಶ್ರೇಢಿ ಮತ್ತು ಗುಣೋತ್ತರ ಶ್ರೇಢಿಗಳು ಗಣಿತಶಾಸ್ತ್ರದ ಎರಡು ಮೂಲಭೂತ ಸಂಖ್ಯಾ ಅನುಕ್ರಮಗಳು. ಪ್ರತಿಯೊಂದು ಪದಕ್ಕೂ ಒಂದೇ ಸ್ಥಿರ ಸಂಖ್ಯೆಯನ್ನು ಕೂಡಿಸಿ ಮುಂದಿನ ಪದವನ್ನು ಪಡೆಯುವ ಅನುಕ್ರಮವು ಸಮಾಂತರ ಶ್ರೇಢಿ. ಒಂದೇ ಸ್ಥಿರ ಸಂಖ್ಯೆಯಿಂದ ಗುಣಿಸಿ ಪಡೆಯುವ ಅನುಕ್ರಮವು ಗುಣೋತ್ತರ ಶ್ರೇಢಿ. 2, 4, 6, 8, 10 ಎಂಬುದು ಮೊದಲನೆಯದಕ್ಕೂ 2, 4, 8, 16, 32 ಎಂಬುದು ಎರಡನೆಯದಕ್ಕೂ ಉದಾಹರಣೆ. ಈ ಎರಡರಲ್ಲಿ ಮೊದಲ ಎರಡು ಪದಗಳು ಒಂದೇ ಆಗಿವೆ. ಮೂರನೆಯ ಪದದಿಂದ ದಾರಿಗಳು ಬೇರೆಯಾಗುತ್ತವೆ. ಆರಂಭದಲ್ಲಿ ಒಂದರಂತೆ ಇನ್ನೊಂದು ಕಾಣುವುದರಿಂದ ಇವನ್ನು ಪ್ರತ್ಯೇಕಿಸಿ ಗುರುತಿಸುವುದು ಶಾಲಾ ಗಣಿತಕ್ಕೆ ಮಾತ್ರವಲ್ಲದೆ ಸಾಲ, ಉಳಿತಾಯ, ಜನಸಂಖ್ಯೆ ಮುಂತಾದ ವ್ಯವಹಾರದ ಲೆಕ್ಕಗಳಿಗೂ ಅಗತ್ಯವಾಗಿದೆ.

ವ್ಯಾಖ್ಯೆ

ಒಂದು ನಿಯಮಕ್ಕೆ ಅನುಸಾರವಾಗಿ ಕ್ರಮವಾಗಿ ಬರೆದ ಸಂಖ್ಯೆಗಳ ಸಾಲಿಗೆ ಅನುಕ್ರಮವೆಂದು ಹೆಸರು. ಅದರಲ್ಲಿರುವ ಪ್ರತಿಯೊಂದು ಸಂಖ್ಯೆಯೂ ಒಂದು ಪದ. ಪದಗಳ ನಡುವೆ ಸಂಕಲನ ಚಿಹ್ನೆಯನ್ನಿಟ್ಟು ಬರೆದಾಗ ಅದು ಶ್ರೇಣಿ ಎನಿಸಿಕೊಳ್ಳುತ್ತದೆ.

ಸಮಾಂತರ ಶ್ರೇಢಿಯಲ್ಲಿ ಯಾವುದೇ ಪದದಿಂದ ಅದರ ಹಿಂದಿನ ಪದವನ್ನು ಕಳೆದರೆ ದೊರೆಯುವ ಉತ್ತರ ಎಲ್ಲೆಡೆಯೂ ಒಂದೇ ಆಗಿರುತ್ತದೆ. ಇದಕ್ಕೆ ಸಾಮಾನ್ಯ ವ್ಯತ್ಯಾಸ ಎನ್ನುತ್ತಾರೆ. ಇದು ಧನ, ಋಣ ಅಥವಾ ಸೊನ್ನೆಯಾಗಿರಬಹುದು. ಗುಣೋತ್ತರ ಶ್ರೇಢಿಯಲ್ಲಿ ಯಾವುದೇ ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿದಾಗ ಬರುವ ಸ್ಥಿರ ಸಂಖ್ಯೆಯೇ ಸಾಮಾನ್ಯ ಅನುಪಾತ. ಇಲ್ಲಿ ಯಾವ ಪದವೂ ಸೊನ್ನೆಯಾಗಿರಬಾರದು. 5, 5, 5 ಎಂಬ ಅನುಕ್ರಮದ ಸಾಮಾನ್ಯ ವ್ಯತ್ಯಾಸ 0, ಸಾಮಾನ್ಯ ಅನುಪಾತ 1. ಆದ್ದರಿಂದ ಅದು ಎರಡೂ ಬಗೆಗಳಿಗೆ ಸೇರುತ್ತದೆ.

ಸಮಾಂತರ ಶ್ರೇಢಿ

ಮೊದಲ ಪದದಿಂದ ಹತ್ತನೆಯ ಪದವನ್ನು ತಲುಪಲು ಸಾಮಾನ್ಯ ವ್ಯತ್ಯಾಸವನ್ನು ಒಂಬತ್ತು ಬಾರಿ ಕೂಡಿಸಬೇಕು, ಹತ್ತು ಬಾರಿಯಲ್ಲ. ಆದ್ದರಿಂದ ಸೂತ್ರವು ಹೀಗಿದೆ:

ಬೇಕಾದ ಪದ = ಮೊದಲ ಪದ + (ಪದದ ಸ್ಥಾನ − 1) × ಸಾಮಾನ್ಯ ವ್ಯತ್ಯಾಸ

ಈ ಒಂದನ್ನು ಕಳೆಯಲು ಮರೆಯುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಮೂರು ಅಂಕಿಗಳ ಸಂಖ್ಯೆಗಳಲ್ಲಿ 7ರಿಂದ ನಿಶ್ಶೇಷವಾಗಿ ಭಾಗವಾಗುವವು 105ರಿಂದ 994ರವರೆಗೆ ಇವೆ. ಇವುಗಳ ಅಂತರವಾದ 889ನ್ನು 7ರಿಂದ ಭಾಗಿಸಿದರೆ 127 ಬರುತ್ತದೆ. ಇದು ಹೆಜ್ಜೆಗಳ ಸಂಖ್ಯೆ. ಪದಗಳ ಸಂಖ್ಯೆ ಅದಕ್ಕಿಂತ ಒಂದು ಹೆಚ್ಚು, ಅಂದರೆ 128.

ಪದಗಳ ಮೊತ್ತವನ್ನು ಪಡೆಯಲು ಶ್ರೇಢಿಯನ್ನು ಒಮ್ಮೆ ನೇರವಾಗಿಯೂ ಅದರ ಕೆಳಗೆ ಒಮ್ಮೆ ಹಿಂದುಮುಂದಾಗಿಯೂ ಬರೆಯಲಾಗುತ್ತದೆ. ಆಗ ಮೇಲೆ ಕೆಳಗೆ ಬರುವ ಪ್ರತಿಯೊಂದು ಜೋಡಿಯ ಮೊತ್ತವೂ ಒಂದೇ. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ಪ್ರತಿ ಜೋಡಿಯೂ 101 ಆಗಿ ಅಂಥ 100 ಜೋಡಿಗಳು ದೊರೆಯುತ್ತವೆ. ಶ್ರೇಢಿಯನ್ನು ಎರಡು ಬಾರಿ ಬರೆದಿರುವುದರಿಂದ 10,100ರ ಅರ್ಧವಾದ 5,050 ನಿಜವಾದ ಮೊತ್ತ. ಸಾಮಾನ್ಯವಾಗಿ:

ಮೊತ್ತ = ಪದಗಳ ಸಂಖ್ಯೆ × (ಮೊದಲ ಪದ + ಕೊನೆಯ ಪದ) ÷ 2

ಮನೆಯಂಗಳದ ರಂಗೋಲಿಯಲ್ಲಿ ಈ ಶ್ರೇಢಿಯನ್ನು ಕಾಣಬಹುದು. ನಡುಸಾಲಿನಲ್ಲಿ 15 ಚುಕ್ಕಿಗಳನ್ನಿಟ್ಟು, ಮೇಲಕ್ಕೂ ಕೆಳಕ್ಕೂ ಸಾಲಿಗೆ ಒಂದರಂತೆ ಕಡಿಮೆ ಮಾಡುತ್ತ 8 ಚುಕ್ಕಿಗಳಿಗೆ ನಿಲ್ಲಿಸಿದರೆ, ಒಂದು ಬದಿಯಲ್ಲಿ 14ರಿಂದ 8ರವರೆಗೆ ಏಳು ಸಾಲುಗಳಾಗುತ್ತವೆ. ಅವುಗಳ ಮೊತ್ತ 7 × 22 ÷ 2 = 77. ಎರಡೂ ಬದಿಗಳ 154ಕ್ಕೆ ನಡುಸಾಲಿನ 15ನ್ನು ಸೇರಿಸಿದರೆ ಒಟ್ಟು ಚುಕ್ಕಿಗಳು 169.

ಗುಣೋತ್ತರ ಶ್ರೇಢಿ

ಇಲ್ಲಿ ಕೂಡಿಸುವ ಸ್ಥಾನದಲ್ಲಿ ಗುಣಿಸುವ ಕ್ರಿಯೆ ಬರುತ್ತದೆ. ಹತ್ತನೆಯ ಪದಕ್ಕಾಗಿ ಮೊದಲ ಪದವನ್ನು ಸಾಮಾನ್ಯ ಅನುಪಾತದಿಂದ ಒಂಬತ್ತು ಬಾರಿ ಗುಣಿಸಬೇಕು. 3, 6, 12 ಎಂಬ ಶ್ರೇಢಿಯ ಹತ್ತನೆಯ ಪದವು 3 × 512 = 1,536.

ಮೊತ್ತವನ್ನು ಕಂಡುಹಿಡಿಯುವ ಉಪಾಯವೂ ಬೇರೆಯಾಗಿದೆ. 2 + 4 + 8 + 16 ಎಂಬ ಶ್ರೇಣಿಯನ್ನು ಅದರ ಅನುಪಾತವಾದ 2ರಿಂದಲೇ ಗುಣಿಸಿದರೆ 4 + 8 + 16 + 32 ಆಗುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದಾಗ ನಡುವಿನ ಪದಗಳೆಲ್ಲ ರದ್ದಾಗಿ 32 − 2 = 30 ಮಾತ್ರ ಉಳಿಯುತ್ತದೆ. ಇದನ್ನೇ ಸಾಮಾನ್ಯೀಕರಿಸಿದರೆ:

ಮೊತ್ತ = (ಕೊನೆಯ ಪದ × ಅನುಪಾತ − ಮೊದಲ ಪದ) ÷ (ಅನುಪಾತ − 1)

ಅನುಪಾತ 1 ಆಗಿರುವಾಗ ಈ ಸೂತ್ರವು ಅನ್ವಯಿಸುವುದಿಲ್ಲ. ಆಗ ಮೊದಲ ಪದವನ್ನು ಪದಗಳ ಸಂಖ್ಯೆಯಿಂದ ಗುಣಿಸಿದರೆ ಸಾಕು.

ಅನುಪಾತವು −1 ಮತ್ತು 1ರ ನಡುವೆ ಇದ್ದರೆ ಪದಗಳು ಕ್ರಮೇಣ ಸೊನ್ನೆಯನ್ನು ಸಮೀಪಿಸುತ್ತವೆ. ಆಗ ಪದಗಳು ಕೊನೆಯಿಲ್ಲದೆ ಸಾಗಿದರೂ ಮೊತ್ತಕ್ಕೆ ಒಂದು ಮಿತಿಯುಂಟು. ಮೊದಲ ಪದವನ್ನು (1 − ಅನುಪಾತ)ದಿಂದ ಭಾಗಿಸಿದರೆ ಆ ಮಿತಿ ದೊರೆಯುತ್ತದೆ. 1/2 + 1/4 + 1/8 ಎಂದು ಸಾಗುವ ಶ್ರೇಣಿಯ ಮೊತ್ತ 1. 0.333 ಎಂದು ಮುಗಿಯದೆ ಸಾಗುವ ದಶಮಾಂಶವು 1/3ಕ್ಕೆ ಸಮವಾಗಿರುವುದಕ್ಕೂ ಇದೇ ಕಾರಣ: ಅದು 3/10 + 3/100 + 3/1000 ಎಂದು ಮುಂದುವರಿಯುವ ಗುಣೋತ್ತರ ಶ್ರೇಣಿ.

ಮಾಧ್ಯಗಳು ಮತ್ತು ಪರಸ್ಪರ ಸಂಬಂಧ

ಎರಡು ಸಂಖ್ಯೆಗಳ ಮೊತ್ತದ ಅರ್ಧವು ಅವುಗಳ ಸಮಾಂತರ ಮಾಧ್ಯ. ಎರಡು ಧನಸಂಖ್ಯೆಗಳ ಗುಣಲಬ್ಧದ ವರ್ಗಮೂಲವು ಅವುಗಳ ಗುಣೋತ್ತರ ಮಾಧ್ಯ. 4 ಮತ್ತು 16ರ ಸಮಾಂತರ ಮಾಧ್ಯ 10, ಗುಣೋತ್ತರ ಮಾಧ್ಯ 8. ಗುಣೋತ್ತರ ಮಾಧ್ಯವು ಸಮಾಂತರ ಮಾಧ್ಯಕ್ಕಿಂತ ಎಂದಿಗೂ ಹೆಚ್ಚಾಗುವುದಿಲ್ಲ. ಎರಡೂ ಸಂಖ್ಯೆಗಳು ಒಂದೇ ಆಗಿದ್ದಾಗ ಮಾತ್ರ ಅವು ಸಮವಾಗುತ್ತವೆ.

10, 100, 1000, 10000 ಎಂಬುದು ಗುಣೋತ್ತರ ಶ್ರೇಢಿ. ಇವುಗಳಲ್ಲಿನ 10ರ ಘಾತಗಳಾದ 1, 2, 3, 4 ಎಂಬುದು ಸಮಾಂತರ ಶ್ರೇಢಿ. ಮೇಲಿನ ಸಾಲಿನ ಗುಣಾಕಾರವು ಕೆಳಗಿನ ಸಾಲಿನಲ್ಲಿ ಸಂಕಲನವಾಗುತ್ತದೆ. ಜರ್ಮನಿಯ ಮಿಖಾಯೆಲ್ ಸ್ಟೀಫೆಲ್ 1544ರ ತನ್ನ ಗ್ರಂಥದಲ್ಲಿ ಇಂಥ ಎರಡು ಸಾಲುಗಳನ್ನು ಜೊತೆಯಾಗಿಟ್ಟು ತೋರಿಸಿದನು. ಸ್ಕಾಟ್‌ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿತಮ್‌ಗಳ ತಳಹದಿಯೂ ಈ ಸಂಬಂಧವೇ.

ಇತಿಹಾಸ

ಈಜಿಪ್ಟಿನಲ್ಲಿ ಕ್ರಿ.ಪೂ. 1550ರ ಸುಮಾರಿನಲ್ಲಿ ಆಹ್ಮೆಸ್ ಎಂಬ ಲಿಪಿಕಾರನು ಪ್ರತಿಮಾಡಿದ ರೈಂಡ್ ಪಪೈರಸ್‌ನಲ್ಲಿ ಎರಡೂ ಬಗೆಯ ಲೆಕ್ಕಗಳಿವೆ. ಹತ್ತು ಅಳತೆ ಬಾರ್ಲಿಯನ್ನು ಹತ್ತು ಜನರಿಗೆ ಸಮ ವ್ಯತ್ಯಾಸದಿಂದ ಹಂಚುವುದು ಒಂದು. 7, 49, 343, 2,401, 16,807 ಎಂಬ ಏಳರ ಘಾತಗಳನ್ನು ಕೂಡಿಸಿ 19,607 ಪಡೆಯುವುದು ಇನ್ನೊಂದು. ಗ್ರೀಕರಲ್ಲಿ ಯೂಕ್ಲಿಡ್ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಗುಣೋತ್ತರ ಶ್ರೇಣಿಯ ಮೊತ್ತವನ್ನು ಸಾಧಿಸಿದ್ದಾನೆ.

ಭಾರತದಲ್ಲಿ ಆರ್ಯಭಟನು 499ರ ಆರ್ಯಭಟೀಯದ ಗಣಿತಪಾದದಲ್ಲಿ ಸಮಾಂತರ ಶ್ರೇಢಿಯ ಮೊತ್ತವನ್ನೂ, ಮೊತ್ತ ತಿಳಿದಿರುವಾಗ ಪದಗಳ ಸಂಖ್ಯೆಯನ್ನು ಪಡೆಯುವ ವಿಧಾನವನ್ನೂ ನೀಡಿದ್ದಾನೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು 850ರ ಸುಮಾರಿನಲ್ಲಿ ರಚಿಸಿದ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥದಲ್ಲಿ ಎರಡೂ ಶ್ರೇಢಿಗಳಿಗೆ ನಿಯಮಗಳನ್ನು ವಿಸ್ತಾರವಾಗಿ ಹೇಳಿದ್ದಾನೆ. ಪ್ರಾಚೀನ ಗ್ರಂಥಗಳಲ್ಲಿ ಮೊದಲ ಪದಕ್ಕೆ ಆದಿ ಅಥವಾ ಮುಖ, ಸಾಮಾನ್ಯ ವ್ಯತ್ಯಾಸಕ್ಕೆ ಚಯ ಅಥವಾ ಉತ್ತರ, ಪದಗಳ ಸಂಖ್ಯೆಗೆ ಗಚ್ಛ, ಒಟ್ಟು ಮೊತ್ತಕ್ಕೆ ಸರ್ವಧನ ಎಂಬ ಹೆಸರುಗಳಿವೆ. ಕೇರಳದ ನೀಲಕಂಠ ಸೋಮಯಾಜಿಯು (1444–1544) ಆರ್ಯಭಟೀಯದ ಭಾಷ್ಯದಲ್ಲಿ 1/4 + 1/16 + 1/64 ಎಂದು ಸಾಗುವ ಅನಂತ ಶ್ರೇಣಿಯ ಮೊತ್ತ 1/3 ಎಂಬುದನ್ನು ವಿವರಿಸಿದ್ದಾನೆ.

ಲೀಲಾವತಿಯ ಕವಡೆ ಲೆಕ್ಕ

ಎರಡನೆಯ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ (1150) ಶ್ರೇಢೀವ್ಯವಹಾರವೆಂಬ ಪ್ರತ್ಯೇಕ ಪ್ರಕರಣವಿದೆ. ಅದರ ಒಂದು ಲೆಕ್ಕದಲ್ಲಿ ದಾನಿಯೊಬ್ಬನು ಯಾಚಕನಿಗೆ ಮೊದಲ ದಿನ ಎರಡು ಕವಡೆಗಳನ್ನು ಕೊಟ್ಟು, ಪ್ರತಿದಿನವೂ ಇಮ್ಮಡಿ ಮಾಡುವುದಾಗಿ ಮಾತು ಕೊಡುತ್ತಾನೆ. ಮೂವತ್ತು ದಿನಗಳ ತಿಂಗಳಿನಲ್ಲಿ ಅವನು ಕೊಡಬೇಕಾಗುವುದು 2,14,74,83,646 ಕವಡೆಗಳು. 20 ಕವಡೆಗಳಿಗೆ ಒಂದು ಕಾಕಿಣಿ, 4 ಕಾಕಿಣಿಗಳಿಗೆ ಒಂದು ಪಣ, 16 ಪಣಗಳಿಗೆ ಒಂದು ದ್ರಮ್ಮ, 16 ದ್ರಮ್ಮಗಳಿಗೆ ಒಂದು ನಿಷ್ಕ ಎಂಬ ಆ ಗ್ರಂಥದ ಮಾನದಂತೆ ಇದು 1,04,857 ನಿಷ್ಕ, 9 ದ್ರಮ್ಮ, 9 ಪಣ, 2 ಕಾಕಿಣಿ ಮತ್ತು 6 ಕವಡೆಗಳಾಗುತ್ತದೆ.

ಅದೇ ದಾನಿಯು ದಿನಕ್ಕೆ ಎರಡು ಕವಡೆ ಹೆಚ್ಚಿಸುವುದಾಗಿ ಮಾತ್ರ ಹೇಳಿದ್ದರೆ ತಿಂಗಳ ಮೊತ್ತ ಕೇವಲ 930 ಕವಡೆಗಳು, ಅಂದರೆ ಒಂದು ದ್ರಮ್ಮಕ್ಕಿಂತಲೂ ಕಡಿಮೆ. ಮೊದಲ ಎರಡು ದಿನಗಳಲ್ಲಿ ಈ ಎರಡು ವಾಗ್ದಾನಗಳಿಗೆ ಯಾವ ಭೇದವೂ ಕಾಣುವುದಿಲ್ಲ. ಮೂವತ್ತನೆಯ ದಿನ ಒಂದರಲ್ಲಿ 60 ಕವಡೆ, ಇನ್ನೊಂದರಲ್ಲಿ 1,07,37,41,824 ಕವಡೆ.

ಬಳಕೆ

ಬಡ್ಡಿ: ಸರಳಬಡ್ಡಿಯಲ್ಲಿ ಅಸಲಿಗೆ ಮಾತ್ರ ಬಡ್ಡಿ ಬೀಳುವುದರಿಂದ ಸಾಲದ ಮೊತ್ತವು ಸಮಾಂತರ ಶ್ರೇಢಿಯಲ್ಲಿ ಏರುತ್ತದೆ. ಚಕ್ರಬಡ್ಡಿಯಲ್ಲಿ ಬಡ್ಡಿಗೂ ಬಡ್ಡಿ ಸೇರುವುದರಿಂದ ಅದು ಗುಣೋತ್ತರ ಶ್ರೇಢಿಯಾಗುತ್ತದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಸಾಲ ಪಡೆದು ಏನನ್ನೂ ತೀರಿಸದಿದ್ದರೆ, ಮೊದಲ ತಿಂಗಳ ಕೊನೆಗೆ ಎರಡೂ ರೀತಿಯಲ್ಲಿ ಬಾಕಿ 10,300 ರೂಪಾಯಿ. ಎರಡನೆಯ ತಿಂಗಳಲ್ಲಿ 10,600 ಮತ್ತು 10,609. ವ್ಯತ್ಯಾಸ ಒಂಬತ್ತು ರೂಪಾಯಿ ಮಾತ್ರ. ಒಂದು ವರ್ಷಕ್ಕೆ 13,600 ಮತ್ತು ಸುಮಾರು 14,258. ಮೂರು ವರ್ಷಕ್ಕೆ 20,800 ಮತ್ತು ಸುಮಾರು 28,983. ಐದು ವರ್ಷಕ್ಕೆ 28,000 ಮತ್ತು ಸುಮಾರು 58,916 ರೂಪಾಯಿ. ಸರಳಬಡ್ಡಿಯಲ್ಲಿ 34ನೆಯ ತಿಂಗಳಿಗೆ ಇಮ್ಮಡಿಯಾಗುವ ಸಾಲ ಚಕ್ರಬಡ್ಡಿಯಲ್ಲಿ 24ನೆಯ ತಿಂಗಳಿಗೇ ಇಮ್ಮಡಿಯಾಗುತ್ತದೆ. ಆದ್ದರಿಂದ ಸಾಲಪತ್ರದಲ್ಲಿ ಬಡ್ಡಿಯ ದರದಷ್ಟೇ ಮುಖ್ಯವಾದುದು ಆ ಬಡ್ಡಿ ಅಸಲಿಗೆ ಸೇರುತ್ತದೆಯೇ, ಸೇರಿದರೆ ಎಷ್ಟು ಕಾಲಕ್ಕೊಮ್ಮೆ ಸೇರುತ್ತದೆ ಎಂಬ ವಿವರ. ಬ್ಯಾಂಕ್ ಸಾಲದ ಸಮಾನ ಮಾಸಿಕ ಕಂತನ್ನು ನಿರ್ಧರಿಸುವ ಸೂತ್ರವೂ ಗುಣೋತ್ತರ ಶ್ರೇಣಿಯ ಮೊತ್ತದಿಂದಲೇ ಬಂದಿದೆ.

ಛಂದಸ್ಸು: ವರ್ಣವೃತ್ತದ ಪಾದದಲ್ಲಿ ಪ್ರತಿಯೊಂದು ಅಕ್ಷರವೂ ಲಘು ಅಥವಾ ಗುರು ಆಗಿರಬಹುದಾದ್ದರಿಂದ ಅಕ್ಷರವೊಂದು ಹೆಚ್ಚಿದಂತೆಲ್ಲ ಸಾಧ್ಯವಿರುವ ವಿನ್ಯಾಸಗಳು ಇಮ್ಮಡಿಯಾಗುತ್ತವೆ. ಉತ್ಪಲಮಾಲೆಯಂತೆ 20 ಅಕ್ಷರಗಳ ಪಾದಕ್ಕೆ 10,48,576 ವಿನ್ಯಾಸಗಳುಂಟು. 1ರಿಂದ 26 ಅಕ್ಷರಗಳವರೆಗಿನ ಎಲ್ಲ ಪಾದಗಳ ವಿನ್ಯಾಸಗಳು ಒಟ್ಟು 13,42,17,726.

ಜನಸಂಖ್ಯೆ: ಇಂಗ್ಲೆಂಡಿನ ಥಾಮಸ್ ಮಾಲ್ಥಸ್ 1798ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಡೆಯಿಲ್ಲದಿದ್ದರೆ ಜನಸಂಖ್ಯೆ ಗುಣೋತ್ತರ ಶ್ರೇಢಿಯಲ್ಲಿಯೂ ಆಹಾರ ಸಮಾಂತರ ಶ್ರೇಢಿಯಲ್ಲಿಯೂ ಹೆಚ್ಚುತ್ತದೆಂದು ವಾದಿಸಿದನು. ಆಹಾರೋತ್ಪಾದನೆಯು ಮುಂದೆ ಅವನ ಎಣಿಕೆಗಿಂತ ವೇಗವಾಗಿ ಬೆಳೆಯಿತು. ವಾಸ್ತವದ ಯಾವ ಬೆಳವಣಿಗೆಯೂ ಗುಣೋತ್ತರ ಶ್ರೇಢಿಯಲ್ಲಿ ಕೊನೆಯಿಲ್ಲದೆ ಸಾಗುವುದಿಲ್ಲ. ಸ್ಥಳ, ಆಹಾರ ಅಥವಾ ಸಂಪನ್ಮೂಲಗಳ ಮಿತಿಯಿಂದ ಅನುಪಾತವೇ ಬದಲಾಗುತ್ತದೆ.

ಗುರುತಿಸುವ ವಿಧಾನ

ಎರಡು ಪದಗಳಿಂದ ಮಾತ್ರ ಶ್ರೇಢಿಯ ಬಗೆಯನ್ನು ನಿರ್ಣಯಿಸಲಾಗದು. ಕನಿಷ್ಠ ಮೂರು ಪದಗಳನ್ನು ತೆಗೆದುಕೊಂಡು ವ್ಯತ್ಯಾಸಗಳನ್ನೂ ಅನುಪಾತಗಳನ್ನೂ ಪರೀಕ್ಷಿಸಬೇಕು. ವ್ಯತ್ಯಾಸಗಳು ಸಮವಿದ್ದರೆ ಸಮಾಂತರ ಶ್ರೇಢಿಯೆಂದೂ, ಅನುಪಾತಗಳು ಸಮವಿದ್ದರೆ ಗುಣೋತ್ತರ ಶ್ರೇಢಿಯೆಂದೂ ಊಹಿಸಬಹುದು. 1, 4, 9, 16ರಂತೆ ಎರಡೂ ಸಮವಿಲ್ಲದಿದ್ದರೆ ಆ ಅನುಕ್ರಮವು ಎರಡಕ್ಕೂ ಸೇರುವುದಿಲ್ಲ. ಆದರೆ ಎಷ್ಟು ಪದಗಳು ಹೊಂದಿಕೊಂಡರೂ ಅವು ಮುಂದಿನ ಪದಕ್ಕೆ ಪ್ರಮಾಣವಾಗುವುದಿಲ್ಲ. ಪದಗಳನ್ನು ಹುಟ್ಟಿಸುವ ನಿಯಮವು ತಿಳಿದಾಗಲೇ ನಿರ್ಣಯವು ಖಚಿತವಾಗುತ್ತದೆ.